ಗುರುತಿಲ್ಲದವರೂ ನಿಮ್ಮ ವೆಬ್‌ಸೈಟ್ ನಂಬಬೇಕಾದರೆ

ಯಾರೋ ಪರಿಚಯದವರು ನಿಮ್ಮ ಹೆಸರು ಹೇಳಿರುತ್ತಾರೆ. ‘ಒಳ್ಳೆ ವಕೀಲರು, ಒಮ್ಮೆ ಕೇಳಿ ನೋಡಿ’ ಅಂತ. ಹೆಸರು ಕೇಳಿಸಿಕೊಂಡವರು ಅವತ್ತು ರಾತ್ರಿಯೇ ಮೊಬೈಲ್ ತೆಗೆದು ಹುಡುಕುತ್ತಾರೆ. ನಿಮ್ಮ ಸೈಟ್ ಸಿಗುತ್ತದೆ. ಅರ್ಧ ನಿಮಿಷ ಮೇಲೆ ಕೆಳಗೆ ಓಡಿಸಿ ನೋಡಿ ಮುಚ್ಚುತ್ತಾರೆ. ಮರುದಿನ ಫೋನ್ ಬೇರೆಯವರಿಗೆ ಹೋಗುತ್ತದೆ. ಎಲ್ಲಿ ತಪ್ಪಾಯಿತು ಅಂತ ನಿಮಗೆ ಯಾವತ್ತೂ ಗೊತ್ತಾಗುವುದಿಲ್ಲ. ಬಾರದೇ ಹೋದವರು ಕಾರಣ ಬರೆದಿಟ್ಟು ಹೋಗುವುದಿಲ್ಲವಲ್ಲ!

ವಕೀಲರು, ದಂತವೈದ್ಯರು, ಆಡಿಟರ್‌ಗಳು, ಆರ್ಕಿಟೆಕ್ಟ್‌ಗಳು, ಅನುವಾದಕರು, ಎಲ್ಲರ ಸೈಟಿಗೂ ಬರುವವರ ಪಾಡು ಒಂದೇ. ಚಪ್ಪಲಿ ಸರಿಹೋಗದಿದ್ದರೆ ವಾಪಸ್ ಕಳಿಸಬಹುದು. ಸರಿಯಿದ್ದ ಹಲ್ಲನ್ನು ಕಿತ್ತ ಮೇಲೆ ವಾಪಸ್ ಇಡಲು ಬರುವುದಿಲ್ಲ. ಹಾಗಾಗಿ ಅವರು ಅನುಮಾನ ಇಟ್ಟುಕೊಂಡೇ ಬರುತ್ತಾರೆ. ಬರಬೇಕಾದ್ದೂ ಹಾಗೆಯೇ. ಈ ಅನುಮಾನ ಸಿಹಿ ಮಾತಿಗೆ ಕರಗುವುದಿಲ್ಲ. ನೀವು ಹೇಳಿದ್ದನ್ನು ಅವರೇ ಪರೀಕ್ಷಿಸಿ ನೋಡಿಕೊಳ್ಳಲು ದಾರಿ ಬಿಟ್ಟರೆ ಮಾತ್ರ ಕರಗುತ್ತದೆ. ಇಂಥ ಸೈಟುಗಳನ್ನು ಮಾಡಿಕೊಡುವುದು ನನ್ನ ಕೆಲಸ. ಸರಿಮಾಡಲು ಕೂತಾಗ ನಾನು ಅನುಸರಿಸುವ ಕ್ರಮ ಇದು.

ಹೆಜ್ಜೆ 1: ಮೊದಲು ಅಳಿಸಿ

ಎಲ್ಲರೂ ಏನು ಸೇರಿಸಲಿ ಅಂತ ಕೇಳುತ್ತಾರೆ. ನಾನು ಏನು ತೆಗೆಯೋಣ ಅಂತ ಶುರು ಮಾಡುತ್ತೇನೆ.

ಟೆಂಪ್ಲೇಟ್ ತಂದು ಮಾಡಿದ ಸೈಟಾದರೆ ಅದರ ಜೊತೆ ಬಂದ ಕಸ ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ. ಒಳಪುಟದಲ್ಲಿ ‘ಲೋರೆಮ್ ಇಪ್ಸಮ್’ ಅಂತ ಶುರುವಾಗುವ ತುಂಬಿಸು ಪಠ್ಯ. ಒತ್ತಿದರೆ ಟೆಂಪ್ಲೇಟ್ ಮಾಡಿದವರ ಪುಟಕ್ಕೆ ಹೋಗುವ ಫೇಸ್‌ಬುಕ್ ಗುರುತು. ‘ಸಂತೃಪ್ತ ಗ್ರಾಹಕರು’ ಅಂತ ಎಣಿಸುತ್ತಾ ಮೇಲೇರಬೇಕಿದ್ದ ಅಂಕಿ ಸ್ಕ್ರಿಪ್ಟ್ ಕೆಟ್ಟು 0ಯಲ್ಲೇ ನಿಂತಿರುತ್ತದೆ! ‘ಶೀಘ್ರದಲ್ಲೇ ಬರಲಿದೆ’ ಎನ್ನುವ ಖಾಲಿ ಪುಟ, ಮೂರು ವರ್ಷದಿಂದ ಹೊಸದೇನೂ ಸೇರದ ‘ಹೊಸ ಸುದ್ದಿ’ ವಿಭಾಗ, ಬಂದ ಕೂಡಲೇ ಮುಖಕ್ಕೆ ಎಗರುವ ಪಾಪ್‌ಅಪ್, ಎಲ್ಲ ಹೋಗಲಿ. ‘ನಂಬರ್ ಒನ್’, ‘ವಿಶ್ವದರ್ಜೆಯ’ ಅನ್ನುವ ಮಾತುಗಳೂ ಹೋಗಲಿ. ಅವನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು ಅಂತ ಓದುವವರಿಗೆ ಗೊತ್ತು.

ಆಮೇಲೆ ಚಿತ್ರಗಳು. ಕೈಕುಲುಕುವ ಕೋಟುಧಾರಿಗಳು, ಹೆಡ್‌ಸೆಟ್ ಹಾಕಿ ನಗುವ ಹುಡುಗಿ, ಇವರನ್ನು ನಾವೆಲ್ಲ ನೂರು ಕಡೆ ನೋಡಿದ್ದೇವೆ. ಚಿತ್ರ ಕೊಟ್ಟು ಅದು ಬೇರೆಲ್ಲಿದೆ ಅಂತ ಹುಡುಕುವ ಟಿನ್‌ಐ 2008ರಿಂದಲೇ ಇದೆ. 2011ರಲ್ಲಿ ಗೂಗಲ್ ಕೂಡ ಅದನ್ನು ತಂದಿತು. ‘ನಮ್ಮ ತಂಡ’ ಎಂಬ ಶೀರ್ಷಿಕೆಯ ಕೆಳಗಿನ ಮುಖ ಇನ್ಯಾವುದೋ ದೇಶದ ಸೋಪಿನ ಜಾಹೀರಾತಿನಲ್ಲೂ ಇದೆ ಅಂತ ಗೊತ್ತಾದರೆ ಮುಂದಿನ ಒಂದು ಸಾಲನ್ನೂ ಅವರು ನಂಬುವುದಿಲ್ಲ.

ನೋಟ ಇಷ್ಟು ಮುಖ್ಯವೇ ಅಂತ ಕೇಳಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ.ಜೆ. ಫಾಗ್ ಮತ್ತು ಸಂಗಡಿಗರು 2002ರಲ್ಲಿ 2,684 ಜನರಿಗೆ ವೆಬ್‌ಸೈಟುಗಳನ್ನು ತೋರಿಸಿ, ಯಾವುದನ್ನು ನಂಬುತ್ತೀರಿ, ಯಾಕೆ ಅಂತ ಕೇಳಿದ್ದರು. ಬಂದ ಉತ್ತರಗಳಲ್ಲಿ ಶೇ 46.1ರಷ್ಟು ಸೈಟಿನ ನೋಟದ ಬಗ್ಗೆಯೇ ಇದ್ದವು. ಸೈಟ್ ಚೆನ್ನಾಗಿದೆಯೋ ಇಲ್ಲವೋ ಅನ್ನುವ ಮೊದಲ ಅನಿಸಿಕೆ 50 ಮಿಲಿಸೆಕೆಂಡಿನಲ್ಲೇ, ಅಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಮೂಡುತ್ತದೆ ಅಂತ 2006ರಲ್ಲಿ ಕೆನಡಾದ ಸಂಶೋಧಕರು ತೋರಿಸಿದರು. ಇದನ್ನು ಓದಿ ಕೆಲವರು ಹಾರುವ ಅಕ್ಷರ, ಓಡುವ ವಿಡಿಯೊ ಹಾಕಿಸುತ್ತಾರೆ. ನನಗೆ ಅನಿಸುವುದು ಬೇರೆ. ಬೆರಗು ಹುಟ್ಟಿಸುವ ಅಗತ್ಯವಿಲ್ಲ, ಹರಕು ಕಾಣದಿದ್ದರೆ ಸಾಕು. ಒಂದು ಫಾಂಟ್, ಹೆಚ್ಚೆಂದರೆ ಎರಡು. ಎರಡು ಮೂರು ಬಣ್ಣ. ಸುತ್ತ ಧಾರಾಳವಾಗಿ ಖಾಲಿ ಜಾಗ. ಕಾಗುಣಿತದ ತಪ್ಪಿರಬಾರದು, ಅಷ್ಟೇ. ಆಡಿಟರ್ ಸೈಟಿನಲ್ಲಿ ‘ಲೆಕ್ಕ’ಕ್ಕೆ ಒತ್ತು ತಪ್ಪಿದ್ದರೆ ಓದುವವರ ಮನಸ್ಸು ಎಲ್ಲಿಗೆ ಹೋಗುತ್ತದೆ ಅಂತ ನೀವೇ ಯೋಚಿಸಿ.

ಹೆಜ್ಜೆ 2: ಅಡ್ರೆಸ್ ಬಾರ್ ನೋಡಿ

ನಿಮ್ಮ ಸೈಟಿನ ವಿಳಾಸ ‘ಎಚ್‌ಟಿಟಿಪಿಎಸ್’ ಅಂತ ಶುರುವಾಗುತ್ತದೆಯೇ? ಕೊನೆಯ ‘ಎಸ್’ ಇಲ್ಲದ ಸೈಟುಗಳ ಪಕ್ಕ ಕ್ರೋಮ್ ಬ್ರೌಸರ್ 2018ರ ಜುಲೈನಿಂದ ‘ನಾಟ್ ಸೆಕ್ಯೂರ್’ ಅಂತ ತೋರಿಸುತ್ತಿದೆ. ನಿಮ್ಮ ಹೆಸರಿನ ಪಕ್ಕದಲ್ಲೇ ಆ ಮಾತು ಬೇಕಾ? ಇದಕ್ಕೆ ಬೇಕಾದ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಕೊನೆಯಿಂದ ಪುಕ್ಕಟೆ ಕೊಡುತ್ತಿದೆ. ಅದರ ಆಯಸ್ಸು ಕೆಲವೇ ತಿಂಗಳು. ಹಾಗಾಗಿ ತಾನಾಗಿಯೇ ನವೀಕರಣ ಆಗುವ ಏರ್ಪಾಡು ಇದೆಯಾ ಅಂತ ಹೋಸ್ಟಿಂಗ್‌ನವರನ್ನು, ಅಂದರೆ ನಿಮ್ಮ ಸೈಟ್ ಇಡಲು ಜಾಗ ಕೊಟ್ಟವರನ್ನು ಕೇಳಿ. ಅವಧಿ ಮುಗಿದರೆ ನಿಮ್ಮ ಸೈಟಿನ ಜಾಗದಲ್ಲಿ ಪರದೆ ತುಂಬ ಎಚ್ಚರಿಕೆಯೇ ಕಾಣುತ್ತದೆ.

ಇದು ಮಾಹಿತಿ ಸಾಗುವ ದಾರಿಗೆ ಹಾಕಿದ ಬೀಗ. ಮನೆಯೊಳಗೆ ಇರುವವರು ಸಾಚಾ ಅಂತ ಇದು ಹೇಳುವುದಿಲ್ಲ. ಮೋಸದ ಸೈಟುಗಳೂ ಈ ಸರ್ಟಿಫಿಕೇಟ್ ಪಡೆಯುತ್ತವೆ. ಜನ ಹಾಗೆ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಅಡ್ರೆಸ್ ಬಾರ್‌ನಲ್ಲಿದ್ದ ಬೀಗದ ಚಿತ್ರವನ್ನೇ ತೆಗೆದುಹಾಕಿತು. ಹಾಗಾಗಿ ‘ನೂರಕ್ಕೆ ನೂರು ಸುರಕ್ಷಿತ’ ಎಂಬ ಮುದ್ರೆ ಅಂಟಿಸಿಕೊಳ್ಳುವುದರಿಂದ ಏನೂ ಸಿಗದು.

ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ನಿಮ್ಮ ಹೆಸರಿನಲ್ಲೇ ನೋಂದಣಿ ಆಗಿರಲಿ, ಸೈಟ್ ಮಾಡಿಕೊಟ್ಟವರ ಖಾತೆಯಲ್ಲಿ ಬೇಡ. ನನ್ನ ಕಸುಬಿನವರ ಮೇಲೆ ನಾನೇ ಹೀಗೆ ಹೇಳಬೇಕಾಗಿದೆ. ಅವರು ಊರು ಬಿಟ್ಟರೆ, ಫೋನ್ ಎತ್ತದಿದ್ದರೆ, ನಿಮ್ಮ ವಿಳಾಸವೂ ಅವರ ಜೊತೆಗೇ ಹೋಗುತ್ತದೆ. ಇಮೇಲ್ ಕೂಡ ಅದೇ ಡೊಮೇನಿನದ್ದಾಗಿದ್ದರೆ ಒಳ್ಳೆಯದು. ಮೇಲ್ ನಿಜವಾಗಿ ನಿಮ್ಮಿಂದಲೇ ಬಂದದ್ದು ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸೆಟ್ಟಿಂಗ್‌ಗಳನ್ನು ಮಾಡಿಸಿಕೊಳ್ಳಿ. ಇಲ್ಲದಿದ್ದರೆ ನೀವು ಕಳಿಸಿದ ಉತ್ತರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು. ನಿಮ್ಮ ಹೆಸರಿನಲ್ಲಿ ಬೇರೆಯವರು ಮೇಲ್ ಕಳಿಸುವುದೂ ಸುಲಭವಾಗುತ್ತದೆ.

ಹೆಜ್ಜೆ 3: ನೀವು ಯಾರು ಅಂತ ಹೇಳಿ

ಜಾಸ್ತಿ ಸಮಯ ಕೊಡಬೇಕಾದ ಪುಟ ಇದು. ಬಂದವರಲ್ಲಿ ಅನುಮಾನ ಇರುವವರೆಲ್ಲ ‘ನಮ್ಮ ಬಗ್ಗೆ’ ಒತ್ತಿ ನೋಡುತ್ತಾರೆ. ಅಲ್ಲಿ ಏನು ಸಿಗುತ್ತದೆ? ‘ಗುಣಮಟ್ಟವೇ ನಮ್ಮ ಧ್ಯೇಯ. ಗ್ರಾಹಕರ ತೃಪ್ತಿಯೇ ನಮ್ಮ ಗುರಿ.’ ಈ ಸಾಲನ್ನು ದಂತವೈದ್ಯರ ಸೈಟಿನಿಂದ ತೆಗೆದು ಸಿಮೆಂಟ್ ಕಂಪನಿಯ ಸೈಟಿಗೆ ಹಾಕಿದರೂ ನಡೆಯುತ್ತದೆ. ಹಾಗೆ ಎಲ್ಲಿ ಬೇಕಾದರೂ ಹೊಂದುವ ಸಾಲು ಸಿಕ್ಕಿದರೆ ಕತ್ತರಿಸಿ.

ಅದರ ಬದಲು ಹೀಗೆ ಬರೆಯಬಹುದು: ‘2009ರಿಂದ ಬಾಯಿಯ ಶಸ್ತ್ರಚಿಕಿತ್ಸೆ ಮಾಡುತ್ತಿದ್ದೇನೆ. ಬುದ್ಧಿಹಲ್ಲು ತೆಗೆಯುವುದು, ಇಂಪ್ಲಾಂಟ್ ಕೂರಿಸುವುದು ನನ್ನ ದಿನದ ಕೆಲಸ. ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕುವುದಿಲ್ಲ, ಅದಕ್ಕೆ ಬೇರೆ ತಜ್ಞರು ಬೇಕು.’ ಕೊನೆಯ ಸಾಲು ನೋಡಿ. ಏನು ಮಾಡುವುದಿಲ್ಲ ಅಂತ ಹೇಳುವವರು ಮಾಡುತ್ತೇನೆ ಅಂದಾಗ ಅದಕ್ಕೆ ತೂಕ ಬರುತ್ತದೆ.

ಹೆಸರನ್ನು ಪೂರ್ತಿ ಬರೆಯಿರಿ. ನೋಂದಣಿಯಲ್ಲಿ ಹೇಗಿದೆಯೋ ಹಾಗೆ. ನಿಮ್ಮ ವೃತ್ತಿಗೆ ಪರವಾನಗಿ ಬೇಕಿದ್ದರೆ ಅದರ ಸಂಖ್ಯೆ, ಕೊಟ್ಟ ಮಂಡಳಿಯ ಹೆಸರು ಎರಡನ್ನೂ ಕೊಡಿ. ಆ ಮಂಡಳಿ ಸಾರ್ವಜನಿಕ ಪಟ್ಟಿ ಇಟ್ಟಿದ್ದರೆ ಅಲ್ಲಿಗೇ ಲಿಂಕ್ ಹಾಕಿ. ಬಹುಪಾಲು ಜನ ಅದನ್ನು ಒತ್ತಿ ನೋಡುವುದಿಲ್ಲ. ಆದರೂ ಒತ್ತಿ ನೋಡಬಹುದು ಅನ್ನುವುದೇ ಅವರಿಗೆ ಧೈರ್ಯ. ಸೈಟಿನಲ್ಲಿ ಒಂದು ಇನಿಷಿಯಲ್, ಮ್ಯಾಪಿನಲ್ಲಿ ಇನ್ನೊಂದು ವಿಳಾಸ, ಲಿಂಕ್ಡ್‌ಇನ್‌ನಲ್ಲಿ ಹಳೆಯ ಕಚೇರಿ, ಹೀಗಿದ್ದರೆ ಇದ್ದ ನಂಬಿಕೆಯೂ ಅಲ್ಲಾಡುತ್ತದೆ. ಎಲ್ಲ ಕಡೆ ಒಂದೇ ಥರ ಇರುವಂತೆ ನೋಡಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಒಬ್ಬರೇ ಇದ್ದೂ ‘ನಮ್ಮ ನುರಿತ ತಂಡ’ ಅಂತ ಬರೆಯುವುದು ಯಾಕೋ ಎಲ್ಲರಿಗೂ ಅಭ್ಯಾಸ. ಮೊದಲ ಭೇಟಿಯಲ್ಲೇ ತಂಡ ಎಲ್ಲಿ ಅಂತ ಬಂದವರು ಅತ್ತಿತ್ತ ನೋಡುತ್ತಾರೆ. ‘ನಾನು’ ಅಂತಲೇ ಬರೆಯಿರಿ. ಒಬ್ಬರೇ ಇರುವುದರಲ್ಲಿ ನಾಚಿಕೆ ಏನಿದೆ? ಫೋನ್ ಎತ್ತುವವರೇ ಕೆಲಸವನ್ನೂ ಮಾಡುತ್ತಾರೆ ಅನ್ನುವುದು ಎಷ್ಟೋ ಜನರಿಗೆ ಸಮಾಧಾನದ ವಿಷಯ.

ಫೋಟೊ ನಿಮ್ಮದೇ ಇರಲಿ, ಇತ್ತೀಚಿನದಾಗಿರಲಿ. ಕಚೇರಿಯ ಕಿಟಕಿಯ ಕಡೆ ಮುಖ ಮಾಡಿ ನಿಂತರೆ ಮೊಬೈಲ್‌ನಲ್ಲೇ ಚೆನ್ನಾಗಿ ಬರುತ್ತದೆ. ಮದುವೆ ಫೋಟೊದಿಂದ ಕತ್ತರಿಸಿದ್ದು, ಪಕ್ಕದವರ ಭುಜ ಇಣುಕುವಂಥದ್ದು ಬೇಡ.

ಹೆಜ್ಜೆ 4: ಮಾತಿಗೆ ಆಧಾರ ಕೊಡಿ

ಸೈಟಿನಲ್ಲಿ ನಿಮ್ಮ ಬಗ್ಗೆ ಹೇಳಿಕೊಂಡ ಪ್ರತಿ ಸಾಲಿನ ಪಕ್ಕ ‘ಹೌದಾ? ಹೇಗೆ ಗೊತ್ತು?’ ಅಂತ ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋಗಿ. ಪ್ರಶಸ್ತಿ ಬಂದಿದೆಯೇ? ಕೊಟ್ಟವರ ಪುಟಕ್ಕೆ ಲಿಂಕ್ ಹಾಕಿ. ಪತ್ರಿಕೆಯಲ್ಲಿ ಬರೆದಿದ್ದೀರಾ? ಆ ಲೇಖನಕ್ಕೇ ಕರೆದುಕೊಂಡು ಹೋಗಿ, ಪತ್ರಿಕೆಯ ಲೋಗೊ ಮಾತ್ರ ಅಂಟಿಸಬೇಡಿ. ಉತ್ತರ ಕೊಡಲಾಗದ ಸಾಲನ್ನು ತೆಗೆಯಿರಿ.

ಮಾಡಿದ ಕೆಲಸವನ್ನು ತೋರಿಸಲು ಮೂರು ಉದಾಹರಣೆ ಸಾಕು. ಸಮಸ್ಯೆ ಏನಿತ್ತು, ನೀವು ಏನು ಮಾಡಿದಿರಿ, ಎಷ್ಟು ದಿನ ಹಿಡಿಯಿತು, ಕೊನೆಗೆ ಏನಾಯಿತು. ಎಲ್ಲಾದರೂ ಎಡವಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಿ. ಕಕ್ಷಿದಾರರ ಅಥವಾ ರೋಗಿಗಳ ಗುರುತು ಹತ್ತುವಂತಿದ್ದರೆ ಬರಹದಲ್ಲಿ ಒಪ್ಪಿಗೆ ಪಡೆಯದೆ ಹಾಕಬಾರದು.

ಗ್ರಾಹಕರ ಮಾತುಗಳ ವಿಷಯದಲ್ಲಿ ಹುಷಾರು. ‘ತುಂಬಾ ಚೆನ್ನಾಗಿ ಮಾಡಿದರು. ಎಸ್., ಗೃಹಿಣಿ’ ಅನ್ನುವ ಸಾಲನ್ನು ನೀವೇ ಬರೆದುಕೊಂಡಿರಿ ಅಂತಲೇ ಓದುವವರು ಅಂದುಕೊಳ್ಳುತ್ತಾರೆ. ಏನು ಕೆಲಸ, ಏನು ಅನುಕೂಲ ಆಯಿತು ಅಂತ ವಿವರ ಇರುವ ಒಂದು ಮಾತು ಇಂಥ ಹತ್ತಕ್ಕೆ ಸಮ. ಆದರೆ ವಕೀಲಿಕೆ, ವೈದ್ಯಕೀಯದಂಥ ವೃತ್ತಿಗಳಲ್ಲಿ ಹೊಗಳಿಕೆ ಹಾಕುವುದಕ್ಕೆ, ಕೆಲವು ಕಡೆ ಜಾಹೀರಾತಿಗೇ ಕಟ್ಟುಪಾಡು ಇರುತ್ತದೆ. ನಿಮ್ಮ ಮಂಡಳಿಯ ನಿಯಮ ಮೊದಲು ಓದಿ. ದುಡ್ಡು ಕೊಟ್ಟು ರಿವ್ಯೂ ಬರೆಸುವ ಯೋಚನೆಯಂತೂ ಬೇಡವೇ ಬೇಡ. ಅಮೆರಿಕದಲ್ಲಿ ಸುಳ್ಳು ರಿವ್ಯೂಗಳನ್ನು ನಿಷೇಧಿಸುವ ನಿಯಮವೇ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು.

ಯಾರೋ ಕೆಟ್ಟ ರಿವ್ಯೂ ಬರೆದರೆ? ಸಿಟ್ಟಿನಲ್ಲಿ ‘ನೀವು ಮಂಗಳವಾರ ಇಂಥ ತೊಂದರೆ ಅಂತ ಬಂದಿದ್ದಿರಿ, ಔಷಧಿ ಸರಿಯಾಗಿ ತೆಗೆದುಕೊಳ್ಳಲಿಲ್ಲ’ ಅಂತ ಉತ್ತರ ಕೊಟ್ಟರೆ ಅವರ ಗುಟ್ಟು ಬಯಲು ಮಾಡಿದ ಹಾಗಾಯಿತು. ಅದನ್ನು ಓದಿದ ಬೇರೆಯವರು ನಾಳೆ ತಮ್ಮದೂ ಹೀಗೇ ಅಂತ ಹಿಂಜರಿಯುತ್ತಾರೆ. ‘ತೊಂದರೆಗೆ ಬೇಸರವಿದೆ, ದಯವಿಟ್ಟು ಕಚೇರಿಗೆ ಫೋನ್ ಮಾಡಿ’ ಅಂತ ಬರೆದು ನಿಲ್ಲಿಸಿ.

ಹೆಜ್ಜೆ 5: ಫೀಸಿನ ಬಗ್ಗೆ ಬಾಯಿ ಬಿಡಿ

ಪೂರ್ತಿ ದರಪಟ್ಟಿ ಹಾಕಲು ಆಗದಿರಬಹುದು. ಗಂಟೆಯ ಲೆಕ್ಕವೋ ಒಟ್ಟು ಕೆಲಸಕ್ಕೆ ಇಷ್ಟು ಅಂತಲೋ, ಮೊದಲ ಭೇಟಿಗೆ ಫೀಸು ಇದೆಯೋ ಇಲ್ಲವೋ, ಇಷ್ಟಾದರೂ ಹೇಳಿ. ಏನೂ ಹೇಳದ ಕಡೆ ಜನ ಜಾಸ್ತಿಯೇ ಇರಬೇಕು ಅಂತ ಊಹಿಸುತ್ತಾರೆ.

ಹೆಜ್ಜೆ 6: ಕರೆದರೆ ಓಗೊಡಿ

ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದು. ಒಮ್ಮೆ ನನ್ನದೇ ಸೈಟಿನ ಫಾರ್ಮ್ ನಾಲ್ಕು ತಿಂಗಳು ಕೆಟ್ಟಿತ್ತು. ತುಂಬಿಸಿ ಒತ್ತಿದವರಿಗೆ ‘ಧನ್ಯವಾದ, ಬೇಗ ಸಂಪರ್ಕಿಸುತ್ತೇವೆ’ ಅಂತ ಬರುತ್ತಿತ್ತು. ನನಗೆ ಮಾತ್ರ ಏನೂ ಬರುತ್ತಿರಲಿಲ್ಲ. ಈ ಸಲ ಕೆಲಸ ಸ್ವಲ್ಪ ಕಡಿಮೆ ಅಂತ ಸುಮ್ನೆ ಕೂತಿದ್ದೆ. ಎರಡು ಸಲ ಬರೆದು ಬೇಸತ್ತ ಒಬ್ಬರು ಫೋನ್ ಮಾಡಿ ‘ನೀವು ಇದ್ದೀರಾ ಇಲ್ವಾ?’ ಅಂತ ಕೇಳಿದಾಗಲೇ ಗೊತ್ತಾಗಿದ್ದು. ಈಗ ಪ್ರತಿ ತಿಂಗಳ ಮೊದಲ ವಾರ ಬೇರೆಯವರ ಮೊಬೈಲಿನಿಂದ ನನಗೆ ನಾನೇ ಒಂದು ಸಂದೇಶ ಕಳಿಸಿಕೊಳ್ಳುತ್ತೇನೆ.

ಫಾರ್ಮ್‌ನಲ್ಲಿ ಹೆಸರು, ಸಂಪರ್ಕ, ವಿಷಯ ಇಷ್ಟೇ ಕೇಳಿ. ಮೊದಲ ಮಾತಿಗೇ ಹುಟ್ಟಿದ ದಿನಾಂಕ ಯಾಕೆ ಬೇಕು? ತುಂಬಿದ ವಿವರ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ ಅಂತ ಕೆಳಗೆ ಎರಡು ಸಾಲು ಬರೆಯಿರಿ. ಫೋನ್ ನಂಬರ್ ಒತ್ತಿದರೆ ಕರೆ ಹೋಗುವಂತಿರಲಿ, ಚಿತ್ರದೊಳಗೆ ಅಚ್ಚು ಹಾಕಿಸಬೇಡಿ. ಎಷ್ಟು ಹೊತ್ತಿಗೆ ಉತ್ತರ ಕೊಡುತ್ತೀರಿ ಅಂತ ಬರೆಯಿರಿ. ಎರಡು ದಿನ ಬೇಕಿದ್ದರೆ ಎರಡು ದಿನ ಅಂತಲೇ ಬರೆಯಿರಿ. ‘ತಕ್ಷಣ’ ಅಂತ ಹಾಕಿ ಮೂರನೇ ದಿನ ಉತ್ತರಿಸುವುದಕ್ಕಿಂತ ಅದು ವಾಸಿ.

ಹೆಜ್ಜೆ 7: ಮೊಬೈಲಿನಲ್ಲಿ ತೆರೆದು ನೋಡಿ

ಸೈಟ್ ಮಾಡಿಸಿದವರು ಕಂಪ್ಯೂಟರ್‌ನಲ್ಲಿ ನೋಡಿ ಒಪ್ಪಿರುತ್ತಾರೆ. ಬರುವವರು ಮೊಬೈಲ್‌ನಲ್ಲಿ ಬರುತ್ತಾರೆ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ವಿಳಾಸ ಹಾಕಿದರೆ ವೇಗ ಎಷ್ಟು ಅಂತ ಪುಕ್ಕಟೆ ಹೇಳುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಂಡರೆ ಒಳ್ಳೆಯದು ಅನ್ನುವುದು ಅದರ ಲೆಕ್ಕ. ನಿಧಾನಕ್ಕೆ ಕಾರಣ ಎಷ್ಟೋ ಸಲ ದೊಡ್ಡ ದೊಡ್ಡ ಫೋಟೊಗಳೇ. ಅವನ್ನು ಕುಗ್ಗಿಸಿ ವೆಬ್‌ಪಿ ಎಂಬ ಹಗುರವಾದ ಫೈಲ್ ಮಾದರಿಗೆ ಬದಲಿಸಿ. ಬಿಳಿಯ ಮೇಲೆ ತಿಳಿಬೂದು ಅಕ್ಷರ ಈಗಿನ ಫ್ಯಾಷನ್, ಆದರೆ ಕಣ್ಣು ಮಂಜಾದವರಿಗೆ ಅದು ಖಾಲಿ ಪುಟ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅನ್ನುತ್ತದೆ ವೆಬ್ ಮಾನದಂಡ.

ಹೆಜ್ಜೆ 8: ತಾರೀಕು ಹಾಕಿ

ಸಲಹೆಯ ಲೇಖನಗಳಿದ್ದರೆ ಬರೆದ ದಿನ, ಕೊನೆಯ ಸಲ ಪರಿಶೀಲಿಸಿದ ದಿನ ಎರಡೂ ಇರಲಿ. ತೆರಿಗೆ ನಿಯಮ ಬದಲಾಗಿ ಎರಡು ವರ್ಷವಾದರೂ ಹಳೆಯ ಲೆಕ್ಕವನ್ನೇ ಹೇಳುವ ಆಡಿಟರ್ ಸೈಟ್ ಇಲ್ಲದಿರುವುದೇ ಮೇಲು. ಒಳಗಿನ ಮಾತು ತಿದ್ದದೆ ತಾರೀಕು ಮಾತ್ರ ಬದಲಿಸುವ ಉಪಾಯವನ್ನೂ ಬಲ್ಲೆ. ಬೇಡ. ಹಳೆಯ ಪುಟಗಳ ನಕಲು ವೇಬ್ಯಾಕ್ ಮಷೀನ್ ಎಂಬ ವೆಬ್ ಸಂಗ್ರಹದಲ್ಲಿ ಎಷ್ಟೋ ಸಲ ಉಳಿದಿರುತ್ತದೆ, ಹೋಲಿಸಿ ನೋಡುವುದು ಸುಲಭ.

ಹೆಜ್ಜೆ 9: ನಿಮ್ಮನ್ನು ಅರಿಯದವರ ಕೈಗೆ ಕೊಡಿ

ಎಲ್ಲ ಮುಗಿದ ಮೇಲೆ ನಿಮ್ಮ ಕೆಲಸದ ಗಂಧಗಾಳಿ ಇಲ್ಲದ ಒಬ್ಬರ ಕೈಗೆ ಫೋನ್ ಕೊಡಿ. ಮನೆಯವರು, ಸ್ನೇಹಿತರು ಬೇಡ, ಅವರು ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಹೋಮ್ ಪೇಜನ್ನು ಐದು ಸೆಕೆಂಡ್ ತೋರಿಸಿ ಫೋನ್ ವಾಪಸ್ ತೆಗೆದುಕೊಳ್ಳಿ. ಇವರು ಯಾರು, ಏನು ಮಾಡುತ್ತಾರೆ ಅಂತ ಕೇಳಿ. ಆಮೇಲೆ ಮತ್ತೆ ಕೊಟ್ಟು, ‘ಇವರ ಹತ್ತಿರ ಕೆಲಸ ಕೊಡಬೇಕಾದರೆ ನಿಮಗೆ ಇನ್ನೇನು ಗೊತ್ತಾಗಬೇಕು?’ ಅಂತ ಕೇಳಿ ಸುಮ್ಮನಿರಿ. ನಡುವೆ ಬಾಯಿ ಹಾಕಿ ವಿವರಿಸಬೇಡಿ, ಅದು ತುಂಬಾ ಕಷ್ಟ. ಅವರ ಹೆಬ್ಬೆರಳು ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಿರಿ.

ಆರ್ಕಿಟೆಕ್ಟ್ ಒಬ್ಬರ ಸೈಟನ್ನು ಹೀಗೆ ಒಬ್ಬರ ಕೈಗೆ ಕೊಟ್ಟಿದ್ದೆ. ಐದು ಸೆಕೆಂಡ್ ಆದ ಮೇಲೆ ಅವರು ಅಂದದ್ದು ‘ಮನೆ ಮಾರುವವರು, ಅಲ್ವಾ?’ ಮೇಲ್ಗಡೆ ದೊಡ್ಡದಾಗಿ ‘ನಿಮ್ಮ ಕನಸಿನ ಮನೆ ಇಲ್ಲಿದೆ’ ಅಂತ ಇತ್ತು. ನಾನೇ ಮೆಚ್ಚಿ ಹಾಕಿದ್ದ ಸಾಲು ಅದು. ಅವತ್ತೇ ಅದನ್ನು ತೆಗೆದು ‘ಮನೆಯ ನಕ್ಷೆ ಮಾಡಿಕೊಡುತ್ತೇನೆ, ಕಟ್ಟಿ ಮುಗಿಯುವವರೆಗೂ ಬಂದು ನೋಡುತ್ತೇನೆ’ ಅಂತ ಬರೆದೆವು.