ಮದುವೆ ಕಾರ್ಡಿನಲ್ಲಿ ಕಟ್ಟಿದ ಬೆನ್-ಮೈ-ಕ್ರೀ

ಮೊದಲ ಮಹಾಯುದ್ಧದಲ್ಲಿ ವಿಮಾನ ಹೊತ್ತ ಬ್ರಿಟಿಷ್ ಹಡಗು ಬೆನ್-ಮೈ-ಕ್ರೀಯ ಮಾದರಿಯನ್ನು ರಟ್ಟಿನಲ್ಲಿ ಕಟ್ಟಿದ್ದೇನೆ. ‘ರಟ್ಟಿನ ಹಲ್ (ಹಡಗಿನ ಒಡಲು) ಒಂದು ಮಳೆಗಾಲವೂ ತಡೆಯಲ್ಲ’ ಅಂದವರಿಗೆಲ್ಲ ಈಗ ಉತ್ತರ ಕೊಡಬಹುದು. ಎರಡು ಮಳೆಗಾಲ ಕಳೆದವು, ಕೀಲ್ (ತಳದ ಬೆನ್ನೆಲುಬು) ಕೂದಲೆಳೆಯಷ್ಟೂ ಬಾಗಿಲ್ಲ.

ಅಳತೆ 1:200. ಅಸಲು ಹಡಗು ಸುಮಾರು 375 ಅಡಿ, ನನ್ನದು 57 ಸೆಂ.ಮೀ. ಹಲ್ ಒಂದನ್ನೇ ಹೊರದೇಶದಲ್ಲಿ ರೆಸಿನ್‌ನಲ್ಲಿ (ಅಚ್ಚಿಗೆ ಹೊಯ್ದು ಗಟ್ಟಿಯಾಗಿಸುವ ಪ್ಲಾಸ್ಟಿಕ್ ದ್ರವದಲ್ಲಿ) ಮಾಡಿಸಿ ತರಿಸೋಣ ಎಂದು ಕೇಳಿದರೆ ಕಸ್ಟಮ್ಸ್ ಸೇರಿ ಇಪ್ಪತ್ತು ಸಾವಿರದ ಹತ್ತಿರ ಹೇಳಿದರು. ನನಗೆ ಪೂರ್ತಿ ಹಡಗಿಗೆ ಮೂರೂವರೆ ಸಾವಿರ ಆಗಿರಬಹುದು, ಅದರಲ್ಲೂ ಅರ್ಧ ಕೆಟ್ಟುಹೋದ ಹಲ್‌ಗಳ ಪಾಲು.

ಇದು ಯುದ್ಧಕ್ಕೆಂದು ಹುಟ್ಟಿದ ಹಡಗಲ್ಲ. 1908ರಲ್ಲಿ ವಿಕರ್ಸ್ ಕಂಪನಿಯವರು ಇಂಗ್ಲೆಂಡಿನ ಬ್ಯಾರೋದಲ್ಲಿ ಕಟ್ಟಿದ್ದು. ಲಿವರ್‌ಪೂಲ್‌ನಿಂದ ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಜನ ಸಾಗಿಸುತ್ತಿತ್ತು. 1915ರಲ್ಲಿ ಬ್ರಿಟಿಷ್ ನೌಕಾಪಡೆ ತೆಗೆದುಕೊಂಡು ಹಿಂದೆ ಹ್ಯಾಂಗರ್ (ವಿಮಾನ ಇಡುವ ಕೋಣೆ), ಮುಂದೆ ವಿಮಾನ ಹಾರಿಸುವ ಕಟ್ಟೆ ಕೂರಿಸಿತು. 24 ನಾಟ್ (ಗಂಟೆಗೆ ಸುಮಾರು 44 ಕಿ.ಮೀ.) ಮೀರಿ ಓಡುವ ಹಡಗು, ಹಾಗಾಗಿ ಮೂತಿ ಬಲು ಚೂಪು. ರಟ್ಟಿಗೆ ಕಷ್ಟ ಬಂದದ್ದೇ ಅಲ್ಲಿ. ನೀರಿನಂಶದ ಅಂಟು ಹಾಕಿದರೆ ಒಣಗುವಾಗ ರಟ್ಟು ಬಲ್ಕ್‌ಹೆಡ್‌ಗಳ (ಹಲ್ ಒಳಗಿನ ಅಡ್ಡಗೋಡೆಗಳ) ನಡುವೆ ಒಳಕ್ಕೆಳೆದು ಬಡಕಲು ಎತ್ತಿನ ಪಕ್ಕೆಲುಬಿನ ಹಾಗೆ ಎದ್ದು ಕಾಣುತ್ತಿತ್ತು. ಪುಟ್ಟಿ ಮೆತ್ತಿ ಮುಚ್ಚಿದರೆ ಪ್ರೈಮರ್ (ಬಣ್ಣದ ಮೊದಲಿನ ಲೇಪ) ಬಿದ್ದ ಮೇಲೆ ಮತ್ತೆ ಅದೇ ಕಥೆ.

ಕೊನೆಗೆ ಕೈಹಿಡಿದದ್ದು ಹಳೇ ಮದುವೆ ಕರೆಯೋಲೆ, ಬಡಗಿಗಳ ಫ್ರೆಂಚ್ ಪಾಲಿಶ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು). ಕತ್ತರಿಸುವ ಮೊದಲೇ ಎರಡೂ ಬದಿ ಪಾಲಿಶ್ ಕುಡಿಸಿ, ಬಲ್ಕ್‌ಹೆಡ್ ನಡುವೆ ಪ್ಯಾಕಿಂಗ್ ಫೋಮ್ ತುಂಬಿ ಉಜ್ಜಿ, ಮೂತಿಯ ಕಡೆ ಬೆರಳಗಲದ ಪಟ್ಟಿಗಳನ್ನಷ್ಟೇ ಹಚ್ಚಿದೆ. ಪಾಲಿಶ್‌ಗೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ನನ್ನಲ್ಲೇ ಇರಲಿ. ಹೊಳಪಿನ ಕಾರ್ಡ್ ಬೇಡ, ಅಂಟು ಕಚ್ಚುವುದಿಲ್ಲ.

ನಡುವೆ ಆ ಹಡಗಿನ ಕಡಲವಿಮಾನ ಶಾರ್ಟ್ 184ರ ಹುಚ್ಚು ಹಿಡಿಯಿತು. ರೆಕ್ಕೆ ಬಿಚ್ಚಿದರೆ 63 ಅಡಿ ಮೀರುವ ವಿಮಾನ. ಮಡಚದೆ ಹ್ಯಾಂಗರ್ ಸೇರುವ ಮಾತೇ ಇಲ್ಲ. ‘ಮಡಚಿದ ಹಾಗೇ ಅಂಟಿಸಿಬಿಡಿ ಸಾರ್’ ಎಂದರು ಗೆಳೆಯರು. ಮೋಟಾರ್ ರಿವೈಂಡಿಂಗ್ ಅಂಗಡಿಯ ಚೂರು ತಾಮ್ರದ ತಂತಿಯಲ್ಲಿ ಹಿಂಜ್ ಮಾಡಿದೆ. ಹತ್ತು ಸೆಂ.ಮೀ.ಗೂ ಕಮ್ಮಿ ಇರುವ ರೆಕ್ಕೆ ನಿಜವಾಗಿಯೇ ಮಡಚುತ್ತದೆ! ಮಕ್ಕಳ ಕೈಗೆ ಮಾತ್ರ ಕೊಡುವುದಿಲ್ಲ.

ಒಂದು ವಿಮಾನದ ಹೊಟ್ಟೆಗೆ 14 ಇಂಚು ವ್ಯಾಸದ ಟಾರ್ಪಿಡೋದ ಪುಟ್ಟ ಮಾದರಿ ಕಟ್ಟಿ ಹಿಂದಿನ ಸೀಟು ಖಾಲಿ ಬಿಟ್ಟಿದ್ದೇನೆ. ನೋಡಿದವರೆಲ್ಲ ‘ಗೊಂಬೆ ಉದುರಿತಾ?’ ಅಂತಾರೆ. 1915ರ ಆಗಸ್ಟ್ 12ರಂದು ಈ ಹಡಗಿನ ಪೈಲಟ್ ಚಾರ್ಲ್ಸ್ ಎಡ್ಮಂಡ್ಸ್ ಟಾರ್ಪಿಡೋ ಹೊತ್ತು ಏಳಬೇಕಾದರೆ ಜೊತೆಗಾರನನ್ನು ಬಿಟ್ಟು, ಪೆಟ್ರೋಲನ್ನೂ ಕಡಿಮೆ ಮಾಡಬೇಕಾಯಿತು. ತುರ್ಕಿಯ ಗಲ್ಲಿಪೋಲಿ ಬಳಿ ಅವನು ಹೊಡೆದ ತುರ್ಕಿ ಹಡಗು ಮೊದಲೇ ಸಬ್‌ಮರೀನ್ ಏಟು ತಿಂದಿತ್ತಂತೆ. ಆದರೂ ವಿಮಾನದಿಂದ ಬಿಟ್ಟ ಟಾರ್ಪಿಡೋ ಹಡಗಿಗೆ ತಗುಲಿದ್ದು ಅದೇ ಮೊದಲು. ಕೆಲವೇ ದಿನಕ್ಕೆ ಇನ್ನೊಬ್ಬ ಪೈಲಟ್ ಡೇಕರ್‌ನ ಇಂಜಿನ್ ಕೈಕೊಟ್ಟು, ಅವನು ನೀರಿನ ಮೇಲೆ ತೇಲುತ್ತಲೇ ಟಾರ್ಪಿಡೋ ಬಿಟ್ಟು ಒಂದು ಟಗ್ (ಹಡಗು ಎಳೆಯುವ ದೋಣಿ) ಮುಳುಗಿಸಿದ. ಭಾರ ಇಳಿದದ್ದೇ ತಡ, ವಿಮಾನ ಎದ್ದಿತು. ಅದನ್ನೂ ಮಾಡಬೇಕೆಂದಿದ್ದೆ, ಸಮುದ್ರದ ನೀರಿನ ಹಾಗೆ ಕಾಣಲು ಹೊಯ್ದ ಎಪಾಕ್ಸಿ ರೆಸಿನ್ ಹಳದಿಗೆ ತಿರುಗಿ ಇನ್ನೂರೈವತ್ತು ರೂಪಾಯಿ ಹೋಯಿತು.

ಕೆಲವರಿಗೆ ಕೊನೆಯ ದಿನದ ದೃಶ್ಯ ಬೇಕಂತೆ: 1917ರ ಜನವರಿ 11, ತುರ್ಕಿ ಕರಾವಳಿ ಪಕ್ಕದ ಕಸ್ಟೆಲೊರಿಜೊ ದ್ವೀಪದ ಬಂದರು, ದಡದ ತುರ್ಕಿ ಫಿರಂಗಿ, ಹ್ಯಾಂಗರ್‌ನ ಪೆಟ್ರೋಲ್‌ಗೆ ಬೆಂಕಿ. ಇದಕ್ಕೆ ನಾನು ಕಡ್ಡಿ ಗೀರುವವನಲ್ಲ. ಕೆಟ್ಟ ಹಲ್ ಒಂದು ಅಟ್ಟದ ಮೇಲಿದೆ, ಬೇಕಾದವರು ಒಯ್ಯಲಿ.