ವೈಪಿ ಇಂಜಿನ್ನಿನ ಗಾಲಿಗೆ ಎರಡು-ನಾಲ್ಕರ ಬಳೆ

ಅರಸೀಕೆರೆಯ ನಿವೃತ್ತ ಡ್ರೈವರ್ ಒಬ್ಬರು ನಾನು ಬರೆದುಕೊಟ್ಟ ವೈಪಿ ಎಂಬ ಮೀಟರ್ ಗೇಜ್ ಉಗಿ ಇಂಜಿನ್ನಿನ ಚಿತ್ರವನ್ನು ಕನ್ನಡಕ ಏರಿಸಿಕೊಂಡು ನೋಡಿದರು. ‘ಚೆನ್ನಾಗಿದೆಯಪ್ಪಾ. ಆದರೆ ಇದು ಒಂದು ಸುತ್ತೂ ತಿರುಗುವುದಿಲ್ಲ’ ಎಂದರು. ಮೂರು ಗಾಲಿಗಳ ಕ್ರ್ಯಾಂಕ್ ಪಿನ್‌ಗಳು ಮೂರು ದಿಕ್ಕಿಗೆ ಮುಖ ಮಾಡಿದ್ದವು, ಆ ಪಿನ್ನುಗಳನ್ನು ಒಂದಕ್ಕೊಂದು ಜೋಡಿಸಬೇಕಾದ ಸೈಡ್ ರಾಡ್ ಸುಮ್ಮನೆ ಅವುಗಳ ಮೇಲೆ ಮಲಗಿತ್ತು. ಕೊಟ್ಟಿದ್ದ ಎರಡು ಸಾವಿರ ಮುಂಗಡವನ್ನು ಅವರು ವಾಪಸು ಕೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು.

ನನ್ನ ಕಸುಬು ಬೋರ್ಡ್ ಬರೆಯುವುದು. ಫ್ಲೆಕ್ಸ್ ಬಂದು ಹಾಸನದಲ್ಲಿ ನಮ್ಮ ಕುಂಚಗಳೆಲ್ಲ ಒಣಗಿದ ಮೇಲೆ, ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಗೀಚುತ್ತಿದ್ದ ಉಗಿ ಇಂಜಿನ್ನುಗಳೇ ಕೈಹಿಡಿದವು. ಪಕ್ಕದ ನೋಟಕ್ಕೆ ಕೈವಾರ ಸಾಕು. ಇಂಜಿನ್ ಓರೆಯಾಗಿ ನಮ್ಮ ಮೇಲೇ ಬರುವಂತೆ ಬರೆಯುವಾಗ ಮಾತ್ರ ಗಾಲಿಗಳು ಕಾಡುತ್ತವೆ. ಹತ್ತಿರದ ಗಾಲಿಯ ಓರೆ ಒಂದು, ಅದರ ಹಿಂದಿನದರ ಓರೆ ಇನ್ನೊಂದು.

ಹಳೆಯ ಫೋಟೋಗಳನ್ನು ಟ್ರೇಸ್ ಮಾಡಿ ನೋಡಿದೆ. ಬೇಕಾದ ಕೋನದ ಫೋಟೋ ಎಂದೂ ಸಿಗಲಿಲ್ಲ. ಬೆಂಗಳೂರಿನಿಂದ ಸುಮಾರು ಸಾವಿರದ ಇನ್ನೂರು ಕೊಟ್ಟು ಪ್ಲಾಸ್ಟಿಕ್ ಅಚ್ಚುಗಳನ್ನು ತರಿಸಿದೆ, ಅವುಗಳಲ್ಲಿದ್ದದ್ದು ನಾಲ್ಕೇ ಓರೆಗಳು. ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ ಎಂದ ಹುಡುಗನೊಬ್ಬ ನಾಲ್ಕು ಸಾವಿರ ಪಡೆದು, ಕುಕ್ಕರಿಗೆ ಗಾಲಿ ಹಚ್ಚಿದಂತಿದ್ದ ಒಂದನ್ನು ತೋರಿಸಿದ. ಒಟ್ಟು ಎಂಟು, ಒಂಬತ್ತು ಸಾವಿರ ಹೋಗಿರಬೇಕು. ಮನೆಯಲ್ಲಿ ಹೇಳಿದ್ದು ಮೂರು.

ಉಪಾಯ ಹೇಗೆ ಹೊಳೆಯಿತು ಎಂದು ಕೇಳಬೇಡಿ. ಮನೆಯಲ್ಲಿ ಬಳೆಗಳಿದ್ದವು, ಕರೆಂಟು ಇರಲಿಲ್ಲ.

ವೈಪಿಯ ದೊಡ್ಡ ಗಾಲಿ 1,372 ಮಿ.ಮೀ. ಎರಡು-ನಾಲ್ಕರ ಅಳತೆಯ ಬಳೆಯ ಒಳವ್ಯಾಸ ಸುಮಾರು 57. ಅಂದರೆ ಇಪ್ಪತ್ನಾಲ್ಕಕ್ಕೆ ಒಂದು. ಇಂಜಿನ್ನಿನ ಮುಂಭಾಗದ ಚಿಕ್ಕ ಗಾಲಿಗೆ ಕೂಸಿನ ಬಳೆ. ಮೂರು ದೊಡ್ಡವು, ಎರಡು ಚಿಕ್ಕವು ಸಾಕು ಎಂದರೆ ಬಳೆ ಅಂಗಡಿಯವರು ನನ್ನ ಬಿಳಿ ಮೀಸೆಯನ್ನು ಒಂದು ಕ್ಷಣ ನೋಡಿ, ಡಜನ್ ಲೆಕ್ಕದಲ್ಲೇ ಕೊಟ್ಟರು. ಇವುಗಳನ್ನು ರಟ್ಟಿನ ಅಂಚಿಗೆ ಸಾಲಾಗಿ ಅಂಟಿಸಿ, ಗೋಡೆಗೆ ಬಡಿದ ಕಾಗದದ ಮುಂದೆ ಓರೆಯಾಗಿ ನಿಲ್ಲಿಸಿ ಹಿಂದಿನಿಂದ ದೀಪ ಬಿಟ್ಟರೆ, ಕಾಗದದ ಮೇಲೆ ಬೀಳುವ ನೆರಳೇ ಗಾಲಿಗಳ ಸಾಲು. ದೀಪದ ಕಡೆಗಿರುವುದು ದೊಡ್ಡದು, ದೂರದ್ದು ಚಿಕ್ಕದು.

ಬಾಯಲ್ಲಿ ಹೇಳಿದಷ್ಟು ಸಲೀಸಾಗಿ ಆಗಲಿಲ್ಲ. ಗಾಜಿನ ಬಳೆಯೊಳಗೆ ಬೆಳಕು ನುಗ್ಗಿ ಅಂಚು ಎರಡೆರಡಾಯಿತು. ತೆಳ್ಳನೆಯ ಲೋಹದ ಬಳೆಗೆ ಕಪ್ಪು ಬಳಿದೆ. ಮನೆಯ ಬಲ್ಬಿನಲ್ಲಿ ನೆರಳು ಮಂಜುಮಂಜು, ಏಕೆಂದರೆ ಬಲ್ಬೇ ದೊಡ್ಡದು. ಕೊನೆಗೆ ಎಂಬತ್ತು ರೂಪಾಯಿಯ ಟಾರ್ಚಿನ ಗಾಜು, ಒಳಗಿನ ಹೊಳೆಯುವ ಬಟ್ಟಲು ಎರಡನ್ನೂ ಕಿತ್ತು, ಸಾಸಿವೆಯಷ್ಟಿದ್ದ ಎಲ್‌ಇಡಿಯೊಂದನ್ನೇ ಉಳಿಸಿದೆ. ಗೆರೆ ಕತ್ತರಿಸಿದಂತೆ ಬಂತು. ದೀಪದ ಎತ್ತರವೇ ನೋಡುವವನ ಕಣ್ಣಿನ ಎತ್ತರ. ಗಾಲಿಯ ಅಚ್ಚಿನ ಮಟ್ಟಕ್ಕೆ ಇಳಿಸಿದರೆ ಜಲ್ಲಿಯ ಮೇಲೆ ಕುಳಿತು ನೋಡಿದಂತೆ ಇಂಜಿನ್ ಎದ್ದು ನಿಲ್ಲುತ್ತದೆ. ದೀಪ ಎಷ್ಟು ದೂರ ಇರಬೇಕು ಎಂಬುದು ನನ್ನಲ್ಲೇ ಇರಲಿ. ಎರಡು ಮಳೆಗಾಲ ಕಳೆದು ಕಲಿತದ್ದು.

ಡ್ರೈವರ್ ಹಿಡಿದ ತಪ್ಪಿಗೆ ಮದ್ದು ಪೊರಕೆ ಕಡ್ಡಿ. ಪ್ರತಿ ಬಳೆಯ ನಡುವಿನಿಂದ ಒಂದೇ ದಿಕ್ಕಿಗೆ ಒಂದೊಂದು ಚಿಕ್ಕ ಕಡ್ಡಿ, ಮೂರರ ತುದಿಗೂ ಅಡ್ಡಲಾಗಿ ಒಂದು ಉದ್ದನೆಯದು. ಸೈಡ್ ರಾಡ್ ತಾನಾಗಿಯೇ ಬೀಳುತ್ತದೆ. ಆಚೆ ಬದಿಯ ಕ್ರ್ಯಾಂಕ್ ಕಾಲು ಸುತ್ತು ಸರಿದಿರುತ್ತದೆ ಎಂಬುದನ್ನು ಗಾಲಿಯ ಅರೆಗಳ, ಅಂದರೆ ಸ್ಪೋಕುಗಳ, ಸಂದಿಯಲ್ಲಿ ತೋರಿಸಲು ಮರೆಯಬಾರದು. ಅರೆ ಎಣಿಸುವುದಕ್ಕೆಂದೇ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಇಎಸ್ 506 ಎಂಬ ಹಳೆಯ ಉಗಿ ಇಂಜಿನ್ನಿನ ಪಕ್ಕ ಅರ್ಧ ದಿನ ಕುಳಿತಿದ್ದೇನೆ.

ಗೆಳೆಯರು ‘ಬಳೆಗಾರ’ ಎಂದು ಹೆಸರಿಟ್ಟರು. ನೆರಳು ಸೊಟ್ಟಗಿರುತ್ತದೆ, ಅದು ನಿಜವಾದ ನೋಟವಲ್ಲ ಎಂದು ಕಲಾಶಾಲೆಯಲ್ಲಿ ಓದಿದವರೊಬ್ಬರು ವಾದಿಸಿದರು. ದೀಪ ಇದ್ದ ಜಾಗದಲ್ಲಿ ಒಂದು ಕಣ್ಣಿಟ್ಟು ನೋಡಿ ಎಂದೆ. ಬಳೆಯೂ ಗೆರೆಯೂ ಒಂದರ ಮೇಲೊಂದು ಕೂತಿದ್ದವು. ಚಹಾದ ದುಡ್ಡು ಅವರೇ ಕೊಟ್ಟರು.

ಬಣ್ಣದಲ್ಲೂ ಆಟವಾಡಿದ್ದೇನೆ. ಹರಳೆಣ್ಣೆ ದೀಪದ ಮಸಿಗೆ ಗೋಂದು ಬೆರೆಸಿ ಬಾಯ್ಲರಿಗೆ ಬಳಿದರೆ ಅಂಗಡಿಯ ಯಾವ ಕಪ್ಪೂ ಅದರ ಸಮಕ್ಕೆ ಬಾರದು. ಗೋಂದು ಕಡಿಮೆಯಾದರೆ ಮಾತ್ರ ಫ್ರೇಮಿನ ಗಾಜಿಗೇ ಮೆತ್ತಿಕೊಳ್ಳುತ್ತದೆ. ತುಕ್ಕಿಗೆ ಕಾಫಿ ಡಿಕಾಕ್ಷನ್ ಹಚ್ಚಿದೆ, ನೋಡಲು ಸೊಗಸು. ಸಕಲೇಶಪುರದ ಗಿರಾಕಿಯ ಮನೆಯಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಲ್ಲಿದ್ದಲು, ನೀರು ಹೊರುವ ಟೆಂಡರ್ ತುಂಬ ಬೂಷ್ಟು. ಸಾವಿರದ ಐನೂರು ವಾಪಸು ಕೊಟ್ಟೆ. ಉಗಿಗೆ ಬಣ್ಣವೇ ಬೇಡ, ಕಾಗದ ಬಿಟ್ಟರಾಯಿತು. ಸೇಫ್ಟಿ ವಾಲ್ವಿನ ಬಾಯಲ್ಲಿ ಉಗಿ ಕಾಣುವುದೇ ಇಲ್ಲ, ತುಸು ಮೇಲೆ ಹೋದ ಮೇಲೆಯೇ ಬೆಳ್ಳಗಾಗುವುದು; ಅನೇಕರು ಬಾಯಿಗೇ ಹತ್ತಿ ತುರುಕುತ್ತಾರೆ.

ನೀಲಗಿರಿ ಬೆಟ್ಟದ ರೈಲಿನ ಎಕ್ಸ್ ಇಂಜಿನ್ ಇನ್ನೂ ಒಲಿದಿಲ್ಲ. ಮೇಲೊಂದು ಕೆಳಗೊಂದು ಸಿಲಿಂಡರ್, ಏರು ಹತ್ತಿಸುವ ಹಲ್ಲುಹಳಿಗೆ ಬೇರೆ ಯಂತ್ರ. ಪೊರಕೆಯೇ ಖಾಲಿಯಾಯಿತು.

ಹೊಸ ವೈಪಿಯನ್ನು ಹಿಡಿದು ಮತ್ತೆ ಅರಸೀಕೆರೆಗೆ ಹೋದೆ. ಅವರು ಸೈಡ್ ರಾಡಿನ ಮೇಲೆ ಬೆರಳಾಡಿಸಿ ‘ತಿರುಗುತ್ತದೆ’ ಎಂದರು. ಒಳಗಿನಿಂದ ಬಾಕಿ ಆರು ಸಾವಿರ ತಂದು ಕೊಟ್ಟರು. ಆಮೇಲೆ ಇನ್ನೊಮ್ಮೆ ಬಗ್ಗಿ, ಸಿಲಿಂಡರಿಗೆ ಉಗಿ ಬಿಡುವುದನ್ನು ನಿಯಂತ್ರಿಸುವ ವಾಲ್ವ್ ಗೇರಿನ ಲಿಂಕನ್ನು ತೋರಿಸಿ, ‘ಇದರ ರಾಡನ್ನು ಸರಿಯಾಗಿ ನಡುವಿಗೆ ಇಟ್ಟಿದ್ದೀಯಲ್ಲಪ್ಪಾ, ಇದು ಮಿಡ್ ಗೇರ್, ಮುಂದಕ್ಕೂ ಅಲ್ಲ ಹಿಂದಕ್ಕೂ ಅಲ್ಲ. ನಿಂತಿರಬೇಕಾದ ಗಾಡಿಯನ್ನು ಇಷ್ಟು ಜೋರಾಗಿ ಓಡಿಸುತ್ತಿರುವವರು ಯಾರು?’ ಎಂದರು. ಅಲ್ಲೇ ಜಗಲಿಯಲ್ಲಿ ಕುಳಿತು, ಅವರ ಕ್ಷೌರದ ಬ್ಲೇಡು ಕೇಳಿ ಪಡೆದು, ಕೆರೆದು ತಿದ್ದಿಕೊಟ್ಟು ಬಂದೆ.