ಮಲಯಾಟ್ಟೂರಿನ ಶಿಲುಬೆ ಬೆಟ್ಟ ಹತ್ತುವುದು ಹೇಗೆ?

ಕೇರಳದ ಮಲಯಾಟ್ಟೂರಿನಲ್ಲಿ ಬೆಟ್ಟದ ತುದಿಗೆ ಸಂತ ತೋಮಾಸರ ಚರ್ಚ್ ಇದೆ. ಏಸುವಿನ ಶಿಷ್ಯ ತೋಮಾಸರು ಇಲ್ಲಿ ಪ್ರಾರ್ಥನೆ ಮಾಡಿದ್ದರು ಎಂಬ ನಂಬಿಕೆ. ಬೆಂಗಳೂರಿನಿಂದ ಒಂದು ರಾತ್ರಿಯ ಪ್ರಯಾಣ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ಈಸ್ಟರ್ ಆದ ಮುಂದಿನ ಭಾನುವಾರ ಇಲ್ಲಿ ದೊಡ್ಡ ಹಬ್ಬ. ಸತ್ತ ಏಸು ಮತ್ತೆ ಎದ್ದು ಬಂದದ್ದನ್ನು ಗಾಯ ಮುಟ್ಟಿ ನೋಡದೆ ನಂಬಲಾರೆ ಎಂದಿದ್ದ ತೋಮಾಸರು ಎಂಟು ದಿನದ ಮೇಲೆ ಏಸುವನ್ನು ಕಂಡರಲ್ಲ, ಅದರ ನೆನಪಿನ ಭಾನುವಾರ ಅದು. ಅವತ್ತು ವಿಪರೀತ ಜನ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ತಪಸ್ಸು ಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳ, ಶುರುವಿನಲ್ಲೇ ಹೋಗಿ ಬನ್ನಿ. ಶುಕ್ರವಾರ ಬೇಡ, ಅವತ್ತೂ ಜನ.

ಎರಡು ವಾರ ಮೊದಲು ಒಮ್ಮೆ ಶಿವಗಂಗೆ ಹತ್ತಿ ನೋಡಿ. ಮಲಯಾಟ್ಟೂರು ಬೆಟ್ಟ ಸುಮಾರು 600 ಮೀಟರ್ ಎನ್ನುತ್ತಾರೆ. ಬೆಂಗಳೂರೇ 900 ಮೀಟರ್ ಮೇಲಿದೆ, ಇದೇನು ಮಹಾ ಅನ್ನಿಸಬಹುದು. ಆದರೆ ಅಲ್ಲಿ ನಡಿಗೆ ಶುರುವಾಗುವುದು ಪೆರಿಯಾರ್ ನದಿ ಕಡೆಯ ತಗ್ಗಿನಿಂದ. ಸೆಕೆಯೂ ಜಾಸ್ತಿ. ನಮ್ಮ ಒಣ ಹವೆಗೆ ಒಗ್ಗಿದ ಮೈ ಬೇಗ ಸೋಲುತ್ತದೆ.

ಎರ್ನಾಕುಲಂ ಬಸ್ಸಿನಲ್ಲಿ ಹೊರಟು ಅಂಗಮಾಲಿಯಲ್ಲಿ ಇಳಿಯಿರಿ. ಅಲ್ಲಿಂದ ಕಾಲಡಿ ಎಂಬ ಊರಿನ ಮೇಲೆ ಹಾದು ಮಲಯಾಟ್ಟೂರು. ತಲುಪಿದ ಕೂಡಲೇ ಬಿಸಿಲಲ್ಲಿ ಹತ್ತಬೇಡಿ. ಹಗಲು ಕೆಳಗಿದ್ದು, ಮಾರನೇ ದಿನ ನಸುಕಿನಲ್ಲಿ ಹೊರಡಿ. ನೀರು, ಟಾರ್ಚ್, ಟವೆಲ್ ಸಾಕು. ಕಲ್ಲು ಹಾದಿ, ಹಿಡಿತ ಇರುವ ಚಪ್ಪಲಿ ಬೇಕು. ಬರಿಗಾಲಲ್ಲಿ ಹತ್ತುವ ಹರಕೆ ಇದ್ದರೆ ಬಿಸಿಲೇರುವ ಮೊದಲೇ ಇಳಿದುಬಿಡಿ.

ಹಾದಿಯುದ್ದಕ್ಕೂ ಶಿಲುಬೆ ಹಾದಿಯ, ಅಂದರೆ ಏಸುವಿನ ಕೊನೆಯ ನಡಿಗೆಯನ್ನು ನೆನಪಿಸುವ, 14 ಸ್ಥಳಗಳಿವೆ. ನನ್ನ ಮಟ್ಟಿಗೆ ಇದೇ ಮುಖ್ಯ: ಪ್ರತಿಯೊಂದರಲ್ಲೂ ನಿಲ್ಲಿ. ಪ್ರಾರ್ಥನೆ ಬಾರದಿದ್ದರೂ ಸುಮ್ನೆ ನಿಂತು ಉಸಿರು ಸರಿಮಾಡಿಕೊಳ್ಳಿ. ಶಿಲುಬೆ ಹೊತ್ತ ಏಸು 3, 7, 9ನೇ ಸ್ಥಳಗಳಲ್ಲಿ ಬೀಳುತ್ತಾರೆ. ಐದನೆಯದರಲ್ಲಿ ಸೀಮೋನ ಎಂಬ ದಾರಿಹೋಕ ಶಿಲುಬೆಗೆ ಹೆಗಲು ಕೊಡುತ್ತಾನೆ. ಅಲ್ಲಿ ನಿಂತಾಗ ಜೊತೆಗಾರರನ್ನು ನೋಡಿ. ಯಾರಾದರೂ ಏದುಸಿರು ಬಿಡುತ್ತಿದ್ದರೆ ಅವರ ಚೀಲ ನೀವು ತಗೊಳ್ಳಿ. ಮರದ ಶಿಲುಬೆ ಹೊತ್ತವರು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. 'ಪೊನ್ನಿನ್ ಕುರಿಶು ಮುತ್ತಪ್ಪೋ' ಎಂಬ ಕೂಗು ಕೇಳಿಸುತ್ತದೆ. 'ಚಿನ್ನದ ಶಿಲುಬೆಯ ಅಜ್ಜಾ' ಎಂದರ್ಥ. ನೀವೂ ದನಿಗೂಡಿಸಬಹುದು.

ಇಳಿಯುವಾಗ ಇನ್ನೂ ನಿಧಾನ, ಮಂಡಿಗೆ ಕಷ್ಟ ಆಗಲೇ. ದಣಿದ ಮೈಯಲ್ಲಿ ಪೆರಿಯಾರ್‌ಗೆ ಇಳಿಯಲೇಬೇಡಿ, ಸೆಳೆತ ಮೇಲೆ ಕಾಣುವುದಿಲ್ಲ. ಹೊತ್ತು ಉಳಿದರೆ ವಾಪಸ್ ಬರುವಾಗ ಕಾಲಡಿಯಲ್ಲಿ ಇಳಿಯಿರಿ. ಶಂಕರಾಚಾರ್ಯರು ಹುಟ್ಟಿದ ಊರದು. 1910ರಲ್ಲಿ ನಮ್ಮ ಶೃಂಗೇರಿ ಮಠ ಪ್ರತಿಷ್ಠೆ ಮಾಡಿದ ಗುಡಿ ಅಲ್ಲಿದೆ.